ವಂಶಾವಳಿಯನ್ನು ಹರಿದು ಹೆಸರಿನ ಪಟ್ಟಿ ಉಳಿಸಿಕೊಂಡವರಿಗೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನು ಕುರಿತು ನಾವು ಬರೆಯುತ್ತೇವೆಂದೇ ಅವರು ಭಾವಿಸಿದ್ದರು. ಆ ವಿಷಯವನ್ನು ಬರೆಯಲು ನಮಗಿಂತ ಸಮರ್ಥರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ನಾವು ಕತ್ತೆಕಿರುಬದ ಬಗ್ಗೆ ಬರೆಯುತ್ತೇವೆ ಎಂದಾಗ ಸಮಿತಿಯ ಹಿರಿಯರೊಬ್ಬರು ನಕ್ಕರು. ನಗಲಿ. ಸಾಹಿತ್ಯ ಸಮ್ಮೇಳನದಲ್ಲಿ ಪ್ರಾಣಿಗಳ ವರ್ಗೀಕರಣಕ್ಕೆ ಏನು ಕೆಲಸ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಮಕ್ಕಳ ಪಠ್ಯಪುಸ್ತಕದಿಂದ ಒಂದು ಪಾಠವನ್ನು ಕಿತ್ತುಹಾಕಿದರು, ಕಿತ್ತ ಮೇಲೆ ನಾವು ಹೋದ ಯಾವ ಸಭೆಯಲ್ಲಿಯೂ ಒಬ್ಬರೂ ಬಾಯಿ ತೆರೆಯಲಿಲ್ಲ, ಬಾಯಿ ತೆರೆಯದವರಲ್ಲಿ ನಾವೂ ಸೇರಿದ್ದೇವೆ.

ನಡೆದದ್ದನ್ನು ಮೊದಲು ಹೇಳುತ್ತೇವೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯವಿತ್ತು. 2022-23ರಲ್ಲಿ, ಕೊರೋನಾ ಕಾಲದ ಹೊರೆಯನ್ನು ಇಳಿಸುವ ಹೆಸರಿನಲ್ಲಿ, ಅದು ಬರಿಯ 'ಅನುವಂಶೀಯತೆ' ಆಯಿತು. ಹೋದ ಭಾಗಗಳಲ್ಲಿ 'ವಿಕಾಸ ಮತ್ತು ವರ್ಗೀಕರಣ' ಎಂಬುದೂ ಒಂದು. ಪಳೆಯುಳಿಕೆಯ ಮಾತೂ ಹೋಯಿತು, ಮಾನವ ವಿಕಾಸದ ಮಾತೂ ಹೋಯಿತು. 2023ರ ಏಪ್ರಿಲ್‌ನಲ್ಲಿ ದೇಶದ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಮಾಡಿ ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದ್ದೇ ಇದೆ ಎಂದು ಮಂಡಳಿಯ ಕಡೆಯಿಂದ ಸಮಾಧಾನ ಬಂತು. ಇದ್ದರೆ ಏನಾಯಿತು? ಹತ್ತನೆಯ ತರಗತಿಯ ನಂತರ ಜೀವಶಾಸ್ತ್ರ ತೆಗೆದುಕೊಳ್ಳುವ ಮಕ್ಕಳು ಎಷ್ಟು ಮಂದಿ? ನಮ್ಮ ಓಣಿಯ ಹುಡುಗರಲ್ಲಿ ವಾಣಿಜ್ಯಕ್ಕೆ ಹೋದವರು, ಐಟಿಐಗೆ ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಇವರೆಲ್ಲ ಆ ಪಾಠವನ್ನು ಓದುವುದು ಯಾವ ಜನ್ಮದಲ್ಲಿ?

ನಮ್ಮ ಶಾಲೆಗಳು ರಾಜ್ಯದ ಪಠ್ಯಕ್ರಮದವು, ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನುವವರೂ ಇದ್ದಾರೆ. ನಮ್ಮ ಸಂಘದ ಕುಟುಂಬಗಳ ಎಷ್ಟೋ ಮೊಮ್ಮಕ್ಕಳು ಇಂದು ಕೇಂದ್ರೀಯ ಪಠ್ಯಕ್ರಮದ ಶಾಲೆಗಳಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಹಾಗೆ ಹೇಳುತ್ತಾರೆ.

ಈಗ ನಮ್ಮ ತಪ್ಪಿನ ವಿಷಯ. ನಾವು ಬಿ.ಎ., ಬಿ.ಎಡ್. ಆದವರು. ಕಲಿಸಿದ್ದು ಕನ್ನಡ ಮತ್ತು ಸಮಾಜಶಾಸ್ತ್ರ. ವಿಜ್ಞಾನದ ಹುದ್ದೆ ಖಾಲಿ ಬಿದ್ದಿದ್ದ ವರ್ಷಗಳಲ್ಲಿ ಆ ಪಾಠಗಳನ್ನೂ ನಾವೇ ಮಾಡಿದ್ದುಂಟು. ಪ್ರಾಣಿಗಳ ವರ್ಗೀಕರಣ ಬಂದಾಗ ಹಲಗೆಯ ಮೇಲೆ ಐದು ಮನೆ ಗೆರೆ ಎಳೆದು, ಮೀನು, ಉಭಯಚರ, ಸರೀಸೃಪ, ಪಕ್ಷಿ, ಸಸ್ತನಿ ಎಂದು ಬರೆದು, ಪ್ರತಿ ಮನೆಗೆ ನಾಲ್ಕು ಉದಾಹರಣೆ ತುಂಬಿ, ಬಾಯಿಪಾಠ ಮಾಡಿಸಿದೆವು. ಆ ಮನೆಗಳನ್ನು ಕಟ್ಟಿದವರು ಯಾರು, ಯಾವ ನ್ಯಾಯದಿಂದ ಕಟ್ಟಿದರು ಎಂದು ನಾವೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಒಬ್ಬಳ ಹೊರತು.

ಒಮ್ಮೆ ಒಂದು ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ. ನಾವು ತೀರ್ಪುಗಾರರು. ಕತ್ತೆಕಿರುಬವು ನಾಯಿಗೆ ಹತ್ತಿರವೋ ಬೆಕ್ಕಿಗೆ ಹತ್ತಿರವೋ ಎಂಬ ಪ್ರಶ್ನೆ ಬಂತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಬೆಕ್ಕಿನ ಕಡೀದು ಸರ್, ಮುಂಗುಸಿ ಅದಕ್ಕ ಇನ್ನೂ ಹತ್ರ" ಎಂದಳು. ನಮ್ಮ ಕೈಯಲ್ಲಿದ್ದ ಉತ್ತರಪತ್ರದಲ್ಲಿ 'ನಾಯಿ' ಎಂದಿತ್ತು. ಸಭೆ ಗೊಳ್ಳೆಂದು ನಕ್ಕಿತು. "ನೋಡಾಕ ನಾಯಿ ಹಂಗದ ಸರ್, ಆದ್ರ ವಂಶ ನಾಯೀದಲ್ಲ" ಎಂದು ಅವಳು ಇನ್ನೊಮ್ಮೆ ಹೇಳಿದಳು. ನಾವು ಸೊನ್ನೆ ಕೊಟ್ಟೆವು. ಕನ್ನಡಕದ ಮೇಲಿಂದ ನೋಡಿ, ಕುಳಿತುಕೋ ಎಂದೆವು. ಅವಳು ಹೇಳಿದ್ದು ಅಕ್ಷರಶಃ ಸರಿಯೆಂದು ನಮಗೆ ತಿಳಿಯುವ ಹೊತ್ತಿಗೆ ನಮ್ಮ ನಿವೃತ್ತಿಯಾಗಿ ಮೂರು ವರ್ಷ ಕಳೆದಿತ್ತು.

ನಾಯಿಯ ವಂಶ ಮತ್ತು ಬೆಕ್ಕಿನ ವಂಶ ಕವಲೊಡೆದದ್ದು 4 ಕೋಟಿ ವರ್ಷಗಳಿಗೂ ಹಿಂದೆ. ಒಂದು ಕವಲಿನಲ್ಲಿ ನಾಯಿ, ತೋಳ, ನರಿ, ಕರಡಿ. ಇನ್ನೊಂದರಲ್ಲಿ ಬೆಕ್ಕು, ಹುಲಿ, ಪುನುಗು, ಮುಂಗುಸಿ, ಮತ್ತು ಕತ್ತೆಕಿರುಬ. ಈ ಎರಡನೆಯ ಕವಲಿನಲ್ಲೇ ಹುಟ್ಟಿದ ಕತ್ತೆಕಿರುಬ ಓಡುವುದು, ಎಲುಬು ಕಡಿಯುವುದು, ದೂರ ಅಲೆಯುವುದು ಎಂಬ ಬದುಕಿಗೆ ಬಿದ್ದು ನಾಯಿಯ ಮೈಕಟ್ಟನ್ನು ಪಡೆಯಿತು. ಒಂದೇ ಉದ್ಯೋಗ ಮಾಡುವ ಇಬ್ಬರ ಅಂಗೈ ಒಂದೇ ತೆರನಾಗಿ ಜಡ್ಡುಗಟ್ಟುತ್ತದೆ. ತಾಂಡೂರಿನ ಗಣಿಯಲ್ಲಿ ಹಾಸುಗಲ್ಲು ಒಡೆಯುವ ಇಬ್ಬರ ಕೈ ನೋಡಿ ಇವರು ಅಣ್ಣತಮ್ಮಂದಿರು ಎನ್ನಲಾಗುವುದಿಲ್ಲ. ಮೈಕಟ್ಟು ಮೋಸ ಮಾಡಬಹುದು. ಕಿವಿಯ ಬುಡದ ಎಲುಬಿನ ಗೂಡಿನ ಒಳರಚನೆ, ಜೀವಕೋಶದೊಳಗಿನ ಡಿಎನ್‌ಎ ಇವೆರಡೂ ಬೆಕ್ಕು-ಮುಂಗುಸಿಗಳ ಕಡೆಗೇ ಸಾಕ್ಷಿ ಹೇಳುತ್ತವೆ. ತಮಾಷೆಯೆಂದರೆ ನಮ್ಮ ಕನ್ನಡದ ಹೆಸರಿನ ಉತ್ತರಾರ್ಧ ಸತ್ಯಕ್ಕೆ ಹತ್ತಿರವಿದೆ: ಕಿರುಬ ಎಂಬುದು ಚಿರತೆಯಂಥ ಮೃಗಕ್ಕೂ ಸಲ್ಲುವ ಮಾತು. ಪೂರ್ವಾರ್ಧದ ಕತ್ತೆ ಎಲ್ಲಿಂದ ಬಂದು ಸೇರಿತೋ.

ಇಷ್ಟು ಓದಿದ ಮೇಲೆ ನಮಗೆ ನೆನಪಾದವರು ಹೆಳವರು. ಈಗಿನ ಮಕ್ಕಳು ಅವರನ್ನು ನೋಡಿಲ್ಲ. ನಮ್ಮ ಬಾಲ್ಯದಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಹೆಳವರು ಬರುತ್ತಿದ್ದರು. ಬಾಗಿಲಲ್ಲಿ ನಿಂತು ನಮ್ಮ ಮನೆತನದ ಮೂಲಪುರುಷನಿಂದ ಹಿಡಿದು ತಲೆಮಾರು ತಲೆಮಾರಾಗಿ ಹೆಸರು ಹೇಳುತ್ತಿದ್ದರು. ಯಾರಿಗೆ ಎಷ್ಟು ಮಕ್ಕಳು, ಯಾವ ತಮ್ಮ ಬೇರೆಯಾಗಿ ಯಾವ ಊರಿಗೆ ಹೋದ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಆ ವರ್ಷ ಹುಟ್ಟಿದ ಕೂಸಿನ ಹೆಸರನ್ನು ಸೇರಿಸಿಕೊಂಡು, ಜೋಳವೋ ತೊಗರಿಯೋ ಕೊಟ್ಟದ್ದನ್ನು ಜೋಳಿಗೆಗೆ ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಹೆಳವರು ಎಂದಾದರೂ ಕೆಂಪು ರುಮಾಲಿನವರೆಲ್ಲ ಒಂದು ಮನೆತನ, ಬಿಳಿ ರುಮಾಲಿನವರೆಲ್ಲ ಇನ್ನೊಂದು ಎಂದು ಹೇಳಿದ್ದುಂಟೇ? ಹೊಲ ಉಳುವವರು ಒಂದು ಕುಟುಂಬ, ಅಂಗಡಿ ಇಟ್ಟವರು ಇನ್ನೊಂದು ಎಂದದ್ದುಂಟೇ? ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾರ ಹೊಟ್ಟೆಯಲ್ಲಿ ಹುಟ್ಟಿದವರು?

ಪ್ರಾಣಿಶಾಸ್ತ್ರವೂ ಕೊನೆಗೆ ಬಂದು ನಿಂತದ್ದು ಆ ಪ್ರಶ್ನೆಗೇ. ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ತನ್ನ ಗ್ರಂಥದ ಹತ್ತನೆಯ ಆವೃತ್ತಿಯನ್ನು ಪ್ರಕಟಿಸಿ ಪ್ರಾಣಿಗಳಿಗೆ ವ್ಯವಸ್ಥಿತವಾಗಿ ಜೋಡುಹೆಸರು ಕೊಟ್ಟನು. ಮಹಾಪಂಡಿತನೇ. ಆದರೆ ಅವನ ಆಧಾರ ಹಲ್ಲು, ಮೊಲೆ, ಗೊರಸುಗಳ ಹೋಲಿಕೆ ಮಾತ್ರ. ಹಾಗಾಗಿ ಬಾವಲಿಯನ್ನು ಮನುಷ್ಯನ ಗಣದಲ್ಲಿಯೂ ಖಡ್ಗಮೃಗವನ್ನು ಇಲಿಯ ಗಣದಲ್ಲಿಯೂ ಕೂರಿಸಿದನು. ಅದರ ಹಿಂದಿನ ಆವೃತ್ತಿಗಳಲ್ಲಿ ತಿಮಿಂಗಿಲ ಮೀನುಗಳ ಸಾಲಿನಲ್ಲಿತ್ತು. ನಮ್ಮ ಪ್ರಾಚೀನರೂ ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ ಎಂದು ಹುಟ್ಟುವ ಬಗೆಯಿಂದ ಜೀವಿಗಳನ್ನು ವಿಂಗಡಿಸಿದರು. ಸುಂದರವಾದ ವಿಂಗಡಣೆ, ಆದರೆ ಅಂಡಜವೆಂಬ ಒಂದೇ ಮನೆಯಲ್ಲಿ ಕೋಳಿ, ನಾಗರಹಾವು, ಮೀನು ಮೂರೂ ಸೇರುತ್ತವೆ. 1859ರಲ್ಲಿ ಡಾರ್ವಿನ್ ಬರೆದ ಗ್ರಂಥದಲ್ಲಿ ವರ್ಗೀಕರಣಕ್ಕೇ ಒಂದು ಅಧ್ಯಾಯದ ಬಹುಭಾಗ ಮೀಸಲು. ಪಂಡಿತರು ಇಷ್ಟು ದಿನ ಅರಿಯದೆ ಹುಡುಕುತ್ತಿದ್ದ ಒಳಗಿನ ಕೊಂಡಿ ಎಂದರೆ ಒಂದೇ ಪೂರ್ವಜನಿಂದ ಬಂದಿರುವಿಕೆ ಎಂಬುದು ಅಲ್ಲಿನ ತಿರುಳು. 1950ರಲ್ಲಿ ಜರ್ಮನಿಯ ವಿಲ್ಲಿ ಹೆನ್ನಿಗ್ ಎಂಬ ಕೀಟಶಾಸ್ತ್ರಜ್ಞ ಅದಕ್ಕೆ ಕಟ್ಟುನಿಟ್ಟಾದ ನಿಯಮ ಹಾಕಿಕೊಟ್ಟನು: ಒಂದು ಗುಂಪು ಎಂದರೆ ಒಬ್ಬ ಪೂರ್ವಜ ಮತ್ತು ಅವನ ಸಂತಾನವೆಲ್ಲ. ಒಬ್ಬರನ್ನೂ ಬಿಡುವಂತಿಲ್ಲ, ಹೊರಗಿನವರನ್ನು ಸೇರಿಸುವಂತಿಲ್ಲ. ಹೆಳವರು ಇದನ್ನು ಓದಿದ್ದರೆ, ಇದರಲ್ಲಿ ಹೊಸದೇನಿದೆ ಎಂದು ಕೇಳುತ್ತಿದ್ದರು.

ಈ ನಿಯಮವನ್ನು ಹಿಡಿದು ನಾವು ಹಲಗೆಯ ಮೇಲೆ ಬರೆದ ಐದು ಮನೆಗಳನ್ನು ನೋಡಿದರೆ ಸರೀಸೃಪದ ಮನೆಯ ಗೋಡೆ ಬಿರುಕು ಬಿಡುತ್ತದೆ. ಮೊಸಳೆ, ಹಲ್ಲಿ, ಆಮೆ, ಹಾವು ಒಂದು ಮನೆ. ಕೋಳಿ ಬೇರೆ ಮನೆ. ಆದರೆ ವಂಶದಲ್ಲಿ ಮೊಸಳೆಯ ದಾಯಾದಿ ಹಲ್ಲಿಯಲ್ಲ, ಕೋಳಿ. ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರವನ್ನು ನಿಲ್ಲಿಸಿದ್ದಾರೆ. ಹಿಂದಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ ಸಿಕ್ಕಿದ್ದು. ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಅದರ ಮುಂದೆ ನಿಂತು, "ಇದು ದೊಡ್ಡ ಹಲ್ಲಿ" ಎಂದು ಹೇಳಿದ್ದೇವೆ. ಡೈನೋಸಾರ್ ಎಂಬ ಪದದ ಅರ್ಥವೇ ಭಯಂಕರ ಹಲ್ಲಿ ಎಂದಿರುವಾಗ ನಮ್ಮನ್ನು ಯಾರೂ ಆಕ್ಷೇಪಿಸಲಿಲ್ಲ. ಆ ಎಲುಬಿನ ಗೂಡಿಗೆ ಇಂದು ಬದುಕಿರುವವರಲ್ಲಿ ಅತ್ಯಂತ ಹತ್ತಿರದ ಬಳಗ ನಮ್ಮ ಹಿತ್ತಲ ಕೋಳಿ, ಗುಬ್ಬಿ, ಕಾಗೆ. ಹಕ್ಕಿಗಳು ಡೈನೋಸಾರಿನ ಒಂದು ಕವಲಿನ ನೇರ ಸಂತಾನ. ಹಾರಲು ಕಲಿತವೆಂಬ ಒಂದೇ ಕಾರಣಕ್ಕೆ ಅವುಗಳನ್ನು ಮನೆತನದಿಂದ ಹೊರಗೆ ಹಾಕುವುದು, ಅಮೆರಿಕಕ್ಕೆ ಹಾರಿದ ಮಗನ ಹೆಸರನ್ನು ವಂಶಾವಳಿಯಿಂದ ಹೊಡೆದುಹಾಕಿದಂತೆ. ನಮ್ಮ ಸಂಘದಲ್ಲಿ ಹಾಗೆ ಹೊಡೆದುಹಾಕಲು ಹೊರಟರೆ ಅರ್ಧ ಪಟ್ಟಿ ಖಾಲಿಯಾದೀತು.

ಹೆಸರುಗಳ ವಿಷಯದಲ್ಲಿ ಸಾಹಿತ್ಯದ ಗೆಳೆಯರೊಂದಿಗೆ ನಮ್ಮ ತಕರಾರು ಬೇರೆಯೇ ಇದೆ. ಕನ್ನಡದಲ್ಲಿ ಪ್ರಾಣಿಗಳಿಗೆ ಎಷ್ಟು ಚೆಂದದ ಹೆಸರುಗಳಿವೆ, ವಿಜ್ಞಾನದ ಒಣ ಪಟ್ಟಿ ನಮಗೇಕೆ ಎಂದು ಅವರು ಹೇಳುತ್ತಾರೆ. ಹೆಸರು ಚೆಂದವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಮುಳ್ಳುಹಂದಿ ಹಂದಿಯಲ್ಲ, ಇಲಿಯ ಗಣದ್ದು. ಚಿಪ್ಪುಹಂದಿಯೂ ಹಂದಿಯಲ್ಲ, ಅದರ ಹತ್ತಿರದ ಬಳಗ ನಾಯಿ-ಬೆಕ್ಕುಗಳ ಗಣ. ಸೊಂಡಿಲಿ ಇಲಿಯೇ ಅಲ್ಲ. ಅದಕ್ಕೆ ಇಲಿಗಿಂತ ಹಸು ಹತ್ತಿರ, ಇಲಿಗೆ ಸೊಂಡಿಲಿಗಿಂತ ನಾವು ಹತ್ತಿರ! ಹಾವುರಾಣಿಯು ಹಾವುಗಳಿಗೆ ರಾಣಿಯಾಗುವುದಿರಲಿ, ಹತ್ತಿರದ ನೆಂಟಳೂ ಅಲ್ಲ. ಹಾವಿಗೆ ಅವಳಿಗಿಂತ ಉಡ ಮತ್ತು ಓತಿಕ್ಯಾತ ಹತ್ತಿರ. ಕೊಂಡುಕುರಿಯು ಕುರಿಗಿಂತ ಎಮ್ಮೆಗೆ ಹತ್ತಿರ. ನಮ್ಮ ತೊಗರಿ ಹೊಲಗಳಿಗೆ ಬರುವ ಚಿಗರಿಯನ್ನು ಎಲ್ಲರೂ ಜಿಂಕೆ ಎನ್ನುತ್ತೇವೆ. ಕಡವೆ ಮತ್ತು ಚುಕ್ಕೆ ಜಿಂಕೆಗಳ ಕೊಂಬು ಕವಲೊಡೆದು ಬೆಳೆದು ಉದುರಿ ಮತ್ತೆ ಬರುತ್ತದೆ, ಚಿಗರಿಯ ಕೊಂಬು ಆಡಿನದರಂತೆ ಕವಲಿಲ್ಲದೆ ಸಾಯುವವರೆಗೂ ಇರುತ್ತದೆ, ಏಕೆಂದರೆ ಅದು ಆಡು-ಹಸುಗಳ ಮನೆತನದ್ದು. ಹಳ್ಳಿಗರು ಎಲ್ಲೆಡೆ ತಪ್ಪಿದರೆಂದು ಇದರ ಅರ್ಥವಲ್ಲ. ನೀಲಗಾಯಿಗೆ ಹೆಸರಿಡುವಾಗ ಯುರೋಪಿನ ಪಂಡಿತರು ಆಡು, ಒಂಟೆ ಎರಡನ್ನೂ ಬೆರೆಸಿ ಒಂದು ಹೆಸರು ಕಟ್ಟಿದರು. ಉತ್ತರದ ಹಳ್ಳಿಗರು ಅದನ್ನು ಗಾಯಿ, ಅಂದರೆ ಹಸು ಎಂದರು. ವಂಶದ ಲೆಕ್ಕದಲ್ಲಿ ಗೆದ್ದವರು ಹಳ್ಳಿಗರು. ಹೆಸರನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಹೆಸರನ್ನೇ ವಂಶವೆಂದು ಮಕ್ಕಳಿಗೆ ಒಪ್ಪಿಸಬೇಡಿ ಎನ್ನುತ್ತಿದ್ದೇವೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ರೈತ ಬಂಧುಗಳಿಗೆ ಒಂದು ಮಾತು. ನಾವು ಚಿಕ್ಕವರಿದ್ದಾಗ ಒಂದು ವರ್ಷ ಓಣಿಗೆಲ್ಲ ಕಾಲುಬಾಯಿ ರೋಗ ಬಂತು. ನಮ್ಮ ಎತ್ತು ಜೊಲ್ಲು ಸುರಿಸುತ್ತ ಮಲಗಿತು. ಎಮ್ಮೆಗೆ ಬಂತು, ಆಡಿಗೆ ಬಂತು, ಓಣಿಯ ಹಂದಿಗಳೂ ಕುಂಟಿದವು. ಪಕ್ಕದ ಅಂಗಳದ ಅಗಸರ ಕತ್ತೆ, ಅದೇ ಬಾನಿಯ ನೀರು ಕುಡಿದು, ಅದೇ ಕಣಿಕೆ ತಿಂದು, ಏನೂ ಆಗದೆ ನಿಂತಿತ್ತು. ಗಾತ್ರ, ಮೇವು, ಉಪಯೋಗ ಇವುಗಳಿಂದ ವಿಂಗಡಿಸಿದರೆ ಎತ್ತಿಗೆ ಸಮನಾದದ್ದು ಕತ್ತೆ: ಎರಡೂ ಹುಲ್ಲು ತಿನ್ನುತ್ತವೆ, ಎರಡೂ ಹೊರೆ ಹೊರುತ್ತವೆ. ಹೊಲಸು ತಿನ್ನುವ ಹಂದಿಗೂ ಎತ್ತಿಗೂ ಏನು ಸಂಬಂಧ? ಆದರೆ ರೋಗ ಕತ್ತೆಯನ್ನು ಬಿಟ್ಟು ಹಂದಿಯನ್ನು ಹಿಡಿಯಿತು. ಎತ್ತು, ಎಮ್ಮೆ, ಆಡು, ಜಿಂಕೆ, ಹಂದಿ ಇವು ಗೊರಸು ಸೀಳಿದ ಒಂದೇ ಪೂರ್ವಜನ ಮಕ್ಕಳು; ಕುದುರೆ-ಕತ್ತೆಗಳದು ಬೇರೆ ಕವಲು. ಗೊರಸು ಸೀಳಿದವಕ್ಕೇ ಈ ಬೇನೆ ಎಂದು ನಮ್ಮ ಅಜ್ಜಿ ಬಲ್ಲಳು. ಅದು ಏಕೆ ಎಂಬುದನ್ನು ಹೇಳಬೇಕಾದ ಪಾಠವನ್ನು ಮೊಮ್ಮಕ್ಕಳ ಪುಸ್ತಕದಿಂದ ತೆಗೆದರು.

ಅದೇ ಗೊರಸು ಸೀಳಿದ ಮನೆತನದಲ್ಲಿ ತಿಮಿಂಗಿಲವೂ ಇದೆ ಎಂದರೆ ವಾಚಕರು ನಮಗೆ ಅರಳುಮರಳು ಎಂದಾರು. ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಕಾಶ್ಮೀರದ ಕಡೆಯ ಕಾಲಾಕೋಟ್ ಪ್ರದೇಶದಲ್ಲಿ ಕಲ್ಲುಗಳನ್ನು ಸಂಗ್ರಹಿಸಿ, 1971ರಲ್ಲಿ ಇಂಡೋಹ್ಯೂಸ್ ಎಂಬ ಪ್ರಾಣಿಗೆ ಹೆಸರಿಟ್ಟರು. ಬೆಕ್ಕಿನಷ್ಟೇ ಗಾತ್ರದ, ತೆಳ್ಳನೆಯ ಕಾಲಿನ, ಗೊರಸಿನ ಪ್ರಾಣಿ. ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನದು. ಅವರು ತೀರಿಕೊಂಡಾಗ ಎಷ್ಟೋ ಕಲ್ಲುಗಳು ಒಡೆಯದೆಯೇ ಉಳಿದಿದ್ದವು. ಅವರ ಪತ್ನಿ ಅವುಗಳನ್ನು ಥೀವಿಸೆನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಕಲ್ಲನ್ನು ಬಿಡಿಸಿ ನೋಡಿದಾಗ ಆ ಪುಟ್ಟ ಪ್ರಾಣಿಯ ಕಿವಿಯ ಎಲುಬಿನ ಒಳಗೋಡೆ ದಪ್ಪವಾಗಿತ್ತು, ತಿಮಿಂಗಿಲಗಳಲ್ಲಿ ಇರುವಂತೆಯೇ. 2007ರಲ್ಲಿ ಅದು ಪ್ರಕಟವಾಯಿತು. ಡಿಎನ್‌ಎ ಸಾಕ್ಷ್ಯವೂ ಕೂಡಿದ ಮೇಲೆ ಇಂದಿನ ವಂಶಾವಳಿಯ ಪ್ರಕಾರ ತಿಮಿಂಗಿಲಕ್ಕೆ ಬದುಕಿರುವವರಲ್ಲಿ ಅತಿ ಹತ್ತಿರ ನೀರುಕುದುರೆ (ಇದೂ ಕುದುರೆಯಲ್ಲ), ಮತ್ತು ಹಸುವಿಗೆ ಹಂದಿಗಿಂತ ತಿಮಿಂಗಿಲ ಹತ್ತಿರ. ಹಾಲುಣಿಸುತ್ತದೆ ಆದ್ದರಿಂದ ತಿಮಿಂಗಿಲ ಸಸ್ತನಿ, ಬರೆದುಕೊಳ್ಳಿ ಎಂದು ನಾವು ಹೇಳಿಕೊಟ್ಟೆವಲ್ಲ, ಆ ಒಂದು ಸಾಲಿನ ಹಿಂದೆ ಇಷ್ಟು ದೊಡ್ಡ ಕಥೆ ಇತ್ತು, ಅದೂ ನಮ್ಮ ದೇಶದ ಕಲ್ಲಿನಲ್ಲಿ. ನಮ್ಮ ಮನೆಯ ನೆಲದ ಹಾಸುಗಲ್ಲಿನಲ್ಲಿಯೂ ಎಲುಬು ಸಿಕ್ಕೀತೇ ಎಂದು ನಮ್ಮ ಮೊಮ್ಮಗ ಕೇಳಿದ, "ಮುತ್ಯಾ, ಒಡದು ನೋಡೋಣೇನು?" ಎಂದು. ಸಿಗಲಾರದು. ತಾಂಡೂರು-ಶಹಾಬಾದಿನ ಸುಣ್ಣಗಲ್ಲು ಎಲುಬಿರುವ ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಮುಂಚಿನ ಸಮುದ್ರದ ತಳ. ನೆಲ ಉಳಿಯಿತು.

ಈಗ ಎದುರಾಳಿಗಳ ಮುಖ್ಯವಾದ ಮಾತಿಗೆ ಬರುತ್ತೇವೆ. ಮಂಗನಿಂದ ಮಾನವನಾದದ್ದನ್ನು ಯಾರು ಕಂಡಿದ್ದಾರೆ ಎಂಬ ಮಾತು. 2018ರ ಜನವರಿಯಲ್ಲಿ ಕೇಂದ್ರದ ಮಂತ್ರಿಗಳೊಬ್ಬರು ಇದನ್ನೇ ಹೇಳಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಅದನ್ನು ಅಲ್ಲಗಳೆದು ಹೇಳಿಕೆ ಕೊಡಬೇಕಾಯಿತು. ಮಂತ್ರಿಗಳ ಮಾತು ಹಾಗಿರಲಿ, ನಮ್ಮ ಸಂಘದ ಕಟ್ಟೆಯ ಮೇಲೆಯೇ ಇದನ್ನು ಹತ್ತಾರು ಸಲ ಕೇಳಿದ್ದೇವೆ. ಅಣ್ಣಗಳಿರಾ, ನಿಮ್ಮ ದಾಯಾದಿ ನಿಮ್ಮ ಅಜ್ಜನೇ? ದಾಯಾದಿಯೂ ನೀವೂ ಒಬ್ಬ ಅಜ್ಜನ ಮೊಮ್ಮಕ್ಕಳು. ಗುಡಿಯ ಗೋಪುರದ ಮೇಲೆ ಕುಳಿತ ಮುಸುವ ನಮ್ಮ ಅಜ್ಜನಲ್ಲ. ಬಹು ದೂರದ ದಾಯಾದಿ, ಎರಡೂವರೆ ಕೋಟಿ ವರ್ಷಕ್ಕೂ ಹಿಂದಿನ ಪಾಲುಪಟ್ಟಿ. ಚಿಂಪಾಂಜಿಯೊಡನೆ ಪಾಲಾದದ್ದು ಅದಕ್ಕಿಂತ ಬಹಳ ಈಚೆಗೆ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ. ಕಂಡವರು ಯಾರು ಎಂದರೆ, ನಮ್ಮ ಮುತ್ತಜ್ಜನ ಮುತ್ತಜ್ಜನನ್ನು ಕಂಡವರು ಯಾರು? ಆದರೂ ಅವನ ಹೊಲದ ಬದು ಇದೆ, ಹೆಳವರ ನಾಲಿಗೆಯ ಮೇಲೆ ಹೆಸರಿದೆ, ನಮ್ಮ ಮೂಗಿನ ಮೇಲೆ ಅವನ ಮೂಗಿದೆ.

ಇನ್ನೊಂದು ಆಕ್ಷೇಪ ನಮ್ಮನ್ನು ನಿಜವಾಗಿಯೂ ಯೋಚನೆಗೆ ಹಚ್ಚಿತು. ಶರಣ ಸಾಹಿತ್ಯವನ್ನು ಆಳವಾಗಿ ಓದಿದ ಗೆಳೆಯರೊಬ್ಬರದು. ಕಲ್ಯಾಣ ನಮ್ಮಿಂದ ಎಷ್ಟು ದೂರ? ಕುಲವನ್ನು ಕೇಳಬಾರದೆಂದು ಕಲಿಸಿದ ಶರಣರ ನೆಲದಲ್ಲಿದ್ದುಕೊಂಡು, ಹುಟ್ಟಿನಿಂದಲೇ ಎಲ್ಲರನ್ನೂ ವಿಂಗಡಿಸಿ ಎಂದು ಮಕ್ಕಳಿಗೆ ಕಲಿಸುವುದೇ ಎಂದು ಅವರು ಕೇಳಿದರು. ಎರಡು ದಿನ ನಮಗೆ ಉತ್ತರ ಹೊಳೆಯಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋಗಿ ಹೇಳಿದೆವು. ಶರಣರು ಖಂಡಿಸಿದ್ದು ಕುಲದ ಮೇಲುಕೀಳನ್ನು. ಪ್ರಾಣಿಗಳ ಹಳೆಯ ಪಟ್ಟಿಗಳಲ್ಲಿಯೇ ಆ ಮೇಲುಕೀಳು ಇತ್ತು: ಅಲ್ಲಿ ವರ್ಗೀಕರಣ ಒಂದು ಏಣಿ, ಕೆಳಗೆ ಹುಳು, ತುದಿಯಲ್ಲಿ ಮನುಷ್ಯ. ವಂಶದ ಲೆಕ್ಕ ಬಂದ ಮೇಲೆ ಏಣಿ ಮುರಿದು ಮರವಾಯಿತು. ಮರದಲ್ಲಿ ಇಂದು ಬದುಕಿರುವವರೆಲ್ಲ ಎಲೆಗಳು. ಹಲ್ಲಿಯ ವಂಶಕ್ಕೂ ನಮ್ಮ ವಂಶಕ್ಕೂ ಬೇರಿನಿಂದ ಇರುವ ವಯಸ್ಸು ಒಂದೇ. ವಿಕಾಸವೆಂದರೆ ಪ್ರಗತಿಯೆಂದು ತಿಳಿಯಬಾರದು ಎಂದು ತಿಳಿಸುವ ಭಾಗವೊಂದು ಆ ಹತ್ತನೆಯ ತರಗತಿಯ ಪುಸ್ತಕದಲ್ಲಿಯೇ ಇತ್ತು, ಅದೂ ಹೋಯಿತು. ಮೈಬಣ್ಣ ಏನೇ ಇರಲಿ, ಭೂಮಿಯ ಮೇಲಿನ ಮನುಷ್ಯರೆಲ್ಲ ಒಂದೇ ಪ್ರಭೇದ, ಎಲ್ಲರ ಮೂಲ ಆಫ್ರಿಕಾ ಎಂಬುದು ಮಾನವ ವಿಕಾಸದ ಭಾಗದಲ್ಲಿತ್ತು; ಅದೂ ಹೋಯಿತು. ಕುಲದ ಅಹಂಕಾರವನ್ನು ಬುಡಸಮೇತ ಕೀಳುವ ಪಾಠವನ್ನು ತೆಗೆದದ್ದು ಹೊರೆ ಇಳಿಸಲಿಕ್ಕೇ? ಗೆಳೆಯರು ಚಹಾ ತರಿಸಿದರು. ಒಪ್ಪಿದೆನೆಂದು ಹೇಳಲಿಲ್ಲ, ಆದರೆ ಆ ಪುಸ್ತಕದ ಹಳೆಯ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಗಡಿನಾಡಿನವರಾದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು ಎಂಬುದು ನಮ್ಮ ವ್ಯಥೆ. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯ ತಾಂಡೂರು ತಾಲ್ಲೂಕು, ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಆಗ ನಾವು ಐದಾರು ವರ್ಷದವರು. ಕಲಬುರಗಿ ಜಿಲ್ಲೆಯವರಾಗಿದ್ದ ನಾವು ಹೈದರಾಬಾದ್ ಜಿಲ್ಲೆಯವರಾದೆವು, 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯವರಾದೆವು, 2014ರಲ್ಲಿ ತೆಲಂಗಾಣದವರಾದೆವು, 2016ರಲ್ಲಿ ವಿಕಾರಾಬಾದ್ ಜಿಲ್ಲೆಯವರಾದೆವು. ಬಶೀರಾಬಾದಿನಿಂದ ಕದಲದೆಯೇ ನಮ್ಮ ವಿಳಾಸ ಇಷ್ಟು ಸಲ ಬದಲಾಯಿತು. ಸೇಡಂನಲ್ಲಿರುವ ನಮ್ಮ ಸೋದರಮಾವನ ಮಕ್ಕಳು ಬೇರೆ ರಾಜ್ಯದವರಾದರು, ನಾವು ಬೇರೆ ರಾಜ್ಯದವರಾದೆವು. ಕಾಗಿಣಾ ನದಿ ಮಾತ್ರ ಇಲ್ಲಿಂದ ಅಲ್ಲಿಗೆ ಮೊದಲಿನಂತೆಯೇ ಹರಿಯಿತು. ಆಡಳಿತಕ್ಕೆ ಇಂಥ ವಿಂಗಡಣೆ ಬೇಕು, ಅಂಚೆ ಬರಬೇಕಲ್ಲ. ಆದರೆ ವಿಳಾಸವನ್ನು ನೋಡಿ, ಇವರು ಅವರಿಗೆ ಏನೂ ಆಗಬೇಕಾಗಿಲ್ಲ ಎಂದು ಯಾರಾದರೂ ಬರೆದರೆ ನಾವು ಈ ಸಂಘವನ್ನು ಕಟ್ಟಿಕೊಂಡು ಪ್ರತಿವರ್ಷ ಕೂಗುತ್ತೇವೆ. ನೀರಿನಲ್ಲಿರುವುದೆಲ್ಲ ಮೀನು, ಹಾರುವುದೆಲ್ಲ ಹಕ್ಕಿ, ಗುರುಗುಟ್ಟುವುದೆಲ್ಲ ನಾಯಿ ಎಂದು ಮಕ್ಕಳು ಬರೆದರೆ ಮಾತ್ರ ಅಂಕ ಕೊಡುತ್ತೇವೆ.

ಹೊರೆ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ಐದು ಮನೆಗಳ ಪಟ್ಟಿಯನ್ನು ಕಾರಣವಿಲ್ಲದೆ ಉರು ಹೊಡೆಯುವುದು ಹೊರೆ. ಸ್ಪರ್ಧಾ ಪರೀಕ್ಷೆಗಳ ಗೈಡುಗಳಲ್ಲಿ ಆ ಪಟ್ಟಿ ಇಂದಿಗೂ ಇದೆ. ಅದನ್ನು ಯಾರೂ ಇಳಿಸಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತವರಾಗಿ ನಮಗೆ ಗೊತ್ತು: ಯಾರು ಯಾರಿಗೆ ಏನಾಗಬೇಕು ಎಂಬ ಪ್ರಶ್ನೆಗೆ ನಿದ್ದೆ ಹೋಗುವ ಮಗು ನಮ್ಮ ಪ್ರಾಂತದಲ್ಲಿ ಹುಟ್ಟಿಲ್ಲ. ಮದುವೆ ಮನೆಗೆ ಹೋದರೆ ನಾಲ್ಕು ವರ್ಷದ ಕೂಸೂ ಅದನ್ನೇ ಕೇಳುತ್ತದೆ.

ಸಂಘದ ಪದಾಧಿಕಾರಿಗಳಿಗೆ ನಮ್ಮ ಕೋರಿಕೆ ಹೀಗಿದೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ನಮ್ಮಿಂದ ದೂರವಲ್ಲ. ಕತ್ತೆಕಿರುಬ, ತೋಳ, ನರಿ, ಚಿಗರಿ, ಕೊಂಡುಕುರಿ ಅಲ್ಲಿವೆಯೆಂದು ದಾಖಲೆಯಿದೆ. ಮುಂದಿನ ವರ್ಷದ ಸಮ್ಮೇಳನಕ್ಕೆ ಮುಂಚೆ ಸಂಘದ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು. ಹೋಗುವ ಮೊದಲು ಒಂದು ದೊಡ್ಡ ಹಾಳೆಯ ಮೇಲೆ, ಹೆಳವರ ಕ್ರಮದಲ್ಲಿ, ಈ ಪ್ರಾಂತದ ಪ್ರಾಣಿಗಳ ವಂಶಾವಳಿಯನ್ನು ಕನ್ನಡದ ಹೆಸರುಗಳಲ್ಲಿಯೇ ಮಕ್ಕಳಿಂದ ಬರೆಸಬೇಕು. ಜೀವಶಾಸ್ತ್ರ ಬಲ್ಲ ಸದಸ್ಯರು ಅದನ್ನು ತಿದ್ದಿಕೊಡಬೇಕು, ಏಕೆಂದರೆ ನಾವು ತಿದ್ದಿದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿಯಾಗಿದೆ. ರಸಪ್ರಶ್ನೆ ಇಟ್ಟರೆ ತೀರ್ಪುಗಾರರಾಗಿ ನಮ್ಮನ್ನು ಕರೆಯುವುದು ಬೇಡ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿದವರಿದ್ದರೆ ಸಮಿತಿಗೆ ತಿಳಿಸಲಿ, ಅವಳನ್ನು ಕರೆಯಬಹುದು. ತೊಗರಿ ರಾಶಿ ಮುಗಿದು ಸಂಕ್ರಾಂತಿಯ ರಜೆ ಬಂದಾಗ ಹೊರಟರೆ ಎಲ್ಲರಿಗೂ ಅನುಕೂಲ. ಬಸ್ಸಿನ ಖರ್ಚಿನಲ್ಲಿ ಅರ್ಧ ಭಾಗವನ್ನು ನಮ್ಮ ಪಿಂಚಣಿಯಿಂದ ಕೊಡುತ್ತೇವೆ.